ತಕರಾರು ಇಟ್ಟುಕೊಂಡು

ಹೊಳೆನರಸೀಪುರದಿಂದ ಹಾಸನಕ್ಕೆ ಬೆಳಗಿನ ರೈಲಿನಲ್ಲಿ ಹೋಗಿ, ಸಂಜೆ ಸಿಕ್ಕ ಬಸ್ಸಿನಲ್ಲಿ ಬರುವ ವಕೀಲೆ ನಾನು. ದೊಡ್ಡ ವಕೀಲೆಯೇನಲ್ಲ. ದುಡ್ಡು ಕೊಟ್ಟು ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಬಿಟ್ಟಿಯಾಗಿ ನೇಮಿಸಿಕೊಡುವ ವಕೀಲರಲ್ಲಿ ನಾನೂ ಒಬ್ಬಳು. ನಮ್ಮ ವಕೀಲರ ಕೊಠಡಿಯಲ್ಲಿ ಕೆಲವರು ನಮ್ಮನ್ನು ಧರ್ಮಕ್ಕೆ ಸಿಕ್ಕ ಲಾಯರುಗಳು ಎಂದು ರೇಗಿಸುತ್ತಾರೆ. ಹಾಗೆ ಧರ್ಮಕ್ಕೆ ಸಿಕ್ಕ ದಟ್ಟಿಯನ್ನು ಹಿತ್ತಲಿಗೆ ಒಯ್ದು ಮೊಳ ಹಾಕಿ ನೋಡುವ ಕಕ್ಷಿದಾರರೂ ಉಂಟು. ನನಗೆ ಮೂಗಿನ ತುದಿಯಲ್ಲೇ ಕೋಪ, ಅಂಥವರಿಗೆ ಬೈದೂ ಬಿಡುತ್ತೇನೆ. ಆದರೆ ನಾನು ಹೇಳಹೊರಟಿರುವ ಇಬ್ಬರು ಹೆಂಗಸರ ಮುಂದೆ ನನ್ನ ಕೋಪ ಒಂದು ದಿನವೂ ನಡೆಯಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಹೊರಹಾಕಬಾರದು ಎಂದು ಕಾನೂನೇ ಹೇಳುತ್ತದೆ. ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ. ಅತ್ತೆ, ಸೊಸೆ ಎಂದಿಟ್ಟುಕೊಳ್ಳೋಣ. ನಮ್ಮ ಜಿಲ್ಲೆಯಲ್ಲಿ ಅತ್ತೆ ಸೊಸೆಯರಿಗೇನು ಬರವೇ, ಯಾರೂ ಪತ್ತೆ ಹಚ್ಚಲಾರರು.

ಊರು ನುಗ್ಗೇಹಳ್ಳಿಯ ಆಚೆ. ಅತ್ತೆಯ ಒಬ್ಬನೇ ಮಗ ಹಾವು ಕಡಿದು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಸೊಸೆಯ ಮಗಳು, ಶಾಲೆಗೆ ಹೋಗುವ ಹುಡುಗಿ. ಸೊಸೆ ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಕಾರ್ಖಾನೆಯ ಮಾಲೀಕ ಅವಳ ಮೇಲೆ ಅತ್ಯಾಚಾರ ಮಾಡಿದ. ಹೀಗೆ ಒಂದೇ ವಾಕ್ಯದಲ್ಲಿ ಬರೆದು ಮುಂದಕ್ಕೆ ಹೋಗುತ್ತಿದ್ದೇನೆ, ಯಾಕೆಂದರೆ ಅದರ ವಿವರ ಕೇಳುವ ಹಕ್ಕು ನ್ಯಾಯಾಲಯಕ್ಕೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ಅವಳು ಆವತ್ತು ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಸೊಸೆಯ ಕೈ ಹಿಡಿದುಕೊಂಡು, ಸಿಕ್ಕ ಆಟೋ ಹತ್ತಿಸಿ ಠಾಣೆಗೆ ಕರೆದುಕೊಂಡು ಹೋದಳು. ಊರಿನವರು ಅತ್ತೆ ಸೊಸೆಯನ್ನು ಹೊರಗೆ ಹಾಕುತ್ತಾಳೆ ಎಂದು ಕಾದಿದ್ದರಂತೆ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರಲ್ಲ, ಈ ಮುದುಕಿ ಮುಚ್ಚುವ ಗೋಜಿಗೇ ಹೋಗಲಿಲ್ಲ. ಕಿವಿ ಮೇಲೇ ಹಾಕಿಕೊಳ್ಳಲಿಲ್ಲ.

ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಅವರು ನನ್ನ ಕೈಗೆ ಬಂದರು. ಇಂಥ ಪ್ರಕರಣ ನಡೆಸುವವರು ಸರ್ಕಾರಿ ವಕೀಲರು. ಸಂತ್ರಸ್ತೆಯ ಪರವಾಗಿ ಅವರಿಗೆ ನೆರವಾಗುವುದು, ಆಕೆಗೆ ಕೋರ್ಟಿನ ರೀತಿನೀತಿ ತಿಳಿಸುವುದು, ಪರಿಹಾರಕ್ಕೆ ಅರ್ಜಿ ಹಾಕಿಸುವುದು ನನ್ನ ಕೆಲಸ. ಮೊದಲ ದಿನ ಕೋರ್ಟಿನ ಜಗಲಿಯ ಕಲ್ಲು ಬೆಂಚಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು, ಪರಿಹಾರದ ಅರ್ಜಿಯೊಂದನ್ನು ಹಾಕಿಬಿಡೋಣ ಎಂದೆ. ಅತ್ತೆ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದೇ ನಿಂತಳು.

"ಪರಿಹಾರ ಮಾಡುಸ್ಕಳಕ್ಕೆ ನನ್ ಸೊಸೆ ಏನ್ ದೋಸ ಮಾಡವ್ಳೆ ಲಾಯ್ರಮ್ಮ? ಮಾಡ್ದೋನು ಅವ್ನು. ಸಾಂತಿ ಗೀಂತಿ ಏನಿದ್ರೂ ಅವ್ನಿಗ್ ಮಾಡ್ಸಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜೋಯಿಸರ ಮನೆಯಲ್ಲಿ ಕೇಳಿದ ಪರಿಹಾರ ಅವಳದು. ದೋಷ ಇದ್ದವರಿಗೆ ಪರಿಹಾರ, ಎಣ್ಣೆ ದೀಪ, ನವಗ್ರಹ ಸುತ್ತುವುದು. ನಗು ಬಂತು. ಆದರೆ ಆ ಮಾತು ಮನಸ್ಸಿಗೆ ನಾಟಿತು ಕೂಡ. ಇಷ್ಟು ವರ್ಷ ಇಂಥ ಕೇಸುಗಳಲ್ಲಿ ತಪ್ಪನ್ನೆಲ್ಲ ಹೆಣ್ಣಿನ ತಲೆಗೇ ಕಟ್ಟುವ ಮನೆಗಳನ್ನು ನೋಡಿ ನೋಡಿ ಸಾಕಾಗಿದ್ದ ನನಗೆ, ನನ್ನ ಸೊಸೆ ಏನು ದೋಷ ಮಾಡಿದ್ದಾಳೆ ಎಂದು ವಕೀಲೆಯ ಮೇಲೇ ಏರಿ ಬಂದ ಅತ್ತೆ ಸಿಕ್ಕಿದ್ದು ಅವಳೊಬ್ಬಳೇ. ಆ ಕ್ಷಣದಿಂದಲೇ ಅವಳು ನನಗೆ ಇಷ್ಟವಾದಳು.

ಸೊಸೆ ಅವಳ ಸೆರಗು ಹಿಡಿದು ಕೂರಿಸಿದಳು. "ಅದಲ್ಲ ಕಣತ್ತೆ. ಜಮೀನ್ ಓದ್ರೆ ಕೊಡ್ತಾರಲ್ಲ, ಆ ಪರಿಹಾರ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ನಂಗ್ ಬ್ಯಾಡ ಮೇಡಂ," ಎಂದಳು.

ಬೇಡ ಎನ್ನುವವರು ನನಗೆ ಹೊಸಬರಲ್ಲ. ಹಣ ತೆಗೆದುಕೊಂಡರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಇರುತ್ತದೆ. ನಾನು ಎಂದಿನ ಪಾಠ ಒಪ್ಪಿಸಿದೆ. ನಾಚಿಕೊಳ್ಳುವಂಥದ್ದು ಏನಿಲ್ಲ ತಾಯಿ, ಇದು ಯಾರೋ ಹಾಕುವ ಭಿಕ್ಷೆಯಲ್ಲ, ನಿನ್ನ ಹಕ್ಕು, ಎಂದೆ.

"ನಾಚ್ಕೆ ಪಡ್ಬೇಕಾದೋನು ಅವ್ನು, ನಾನ್ಯಾಕ್ ಪಡ್ಲಿ? ಪರಿಹಾರ ತಗಂಡ್ರೆ ಕೇಸು ಮುಗ್ದೋಯ್ತದೆ ಮೇಡಂ. ಅದ್ಕೇ ಬ್ಯಾಡ ಅಂದೆ."

"ಯಾರು ಹೇಳಿದ್ದು ಮುಗಿದುಹೋಗುತ್ತೆ ಅಂತ?"

"ಯಾರ್ ಯಾಕ್ ಏಳ್ಬೇಕು? ನಮ್ಮನೇಲೇ ನೋಡಿವ್ನಿ."

ಅವಳ ತವರು ಅರಕಲಗೂಡಿನ ಕಡೆ. ಆದರೆ ಅಲ್ಲಿನ ಮೂಲದವರಲ್ಲ, ಮುಳುಗಡೆಯವರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಅವಳ ತಾತನ ಹೊಲ, ಮನೆ, ಊರು ಎಲ್ಲ ನೀರಿನಡಿಗೆ ಹೋಯಿತು. ತಾತ ಪರಿಹಾರಕ್ಕೆ ಸಹಿ ಹಾಕಿ, ಸಾಮಾನು ಗಾಡಿಗೆ ಹೇರಿಕೊಂಡು ಬಂದವರು. ಅವಳ ಅಪ್ಪ ಆಗಿನ್ನೂ ಹುಡುಗ. ಆದರೂ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗಲೆಲ್ಲ ಅಪ್ಪ ಬಸ್ಸು ಹತ್ತಿ ಹೋಗಿ, ಕೆಸರಿನಲ್ಲಿ ತಮ್ಮ ಹೊಲದ ಬದು ಹುಡುಕಿ, ಅದರ ಮೇಲೆ ನಿಂತು ಬರುತ್ತಿದ್ದರಂತೆ. ಒಮ್ಮೆ ಮಗಳನ್ನೂ ಕರೆದುಕೊಂಡು ಹೋಗಿದ್ದರು. ಇದು ನಮ್ಮ ರಾಗಿ ಹೊಲ, ಇದು ನಮ್ಮ ಕಣ ಎಂದು ತೋರಿಸುತ್ತಿರುವಾಗ ಅಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬ ಕೂಗಿ ಹೇಳಿದನಂತೆ, "ಪರಿಹಾರ ತಗಂಡಿಲ್ವೇನ್ಲಾ? ಇನ್ನೇನ್ ಐತೆ ನಿಂದು ಇಲ್ಲಿ?"

"ನಮ್ಮಪ್ಪ ಉಸ್ರೆತ್ತಲಿಲ್ಲ ಮೇಡಂ. ನನ್ ಕೈ ಇಡ್ಕಂಡು ಸುಮ್ಕೆ ವಾಪಸ್ ಬಂದ್ಬುಟ್ರು," ಎಂದಳು ಸೊಸೆ. "ಪರಿಹಾರ ತಗಂಡೋರ್ಗೆ ಬಾಯಿಲ್ಲ."

ನಾನು ಹುಟ್ಟಿ ಬೆಳೆದದ್ದು ಅದೇ ಗೊರೂರಿನಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ನಮ್ಮಪ್ಪ ಇಲಾಖೆಯ ನೌಕರರು. ಮನೆಗೆ ನೆಂಟರು ಬಂದರೆ ಅಣೆಕಟ್ಟು ತೋರಿಸುವುದೇ ನಮಗೆ ಹಬ್ಬ. ಯಾರಾದರೂ ಪಾಪ, ಆ ಊರುಗಳವರು ಏನಾದರೋ ಎಂದರೆ, ಎಲ್ಲರಿಗೂ ಪರಿಹಾರ ಕೊಟ್ಟಾಯಿತಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು, ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ಅವಳು ಹೇಳಿದ್ದೂ ಅದನ್ನೇ. ಪರಿಹಾರ ಎಂದರೆ ಮಾತು ಮುಗಿಯಿತು ಎಂದು ಅರ್ಥ. ನಮ್ಮ ಮನೆಯಲ್ಲಿ ಅದನ್ನು ನೆಮ್ಮದಿಯಿಂದ ಹೇಳುತ್ತಿದ್ದರು, ಅವಳ ಮನೆಯಲ್ಲಿ ತಲೆ ತಗ್ಗಿಸಿ ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕಾನೂನನ್ನು ಬಿಡಿಸಿ ಹೇಳಿದೆ. ಈ ಹಣ ಕೊಡುವುದು ಆರೋಪಿಯಲ್ಲ, ಸರ್ಕಾರ. ತೀರ್ಪು ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಬದುಕು ನಡೆಯಲಿ ಎಂದು ಒಂದು ಭಾಗವನ್ನು ಮಧ್ಯಂತರ ಪರಿಹಾರವಾಗಿ ಮೊದಲೇ ಕೊಡುತ್ತಾರೆ. ಇದನ್ನು ಪಡೆದರೆ ಕೇಸಿನ ಒಂದು ಕೂದಲೂ ಕೊಂಕುವುದಿಲ್ಲ. ಅವಳು ಗಮನವಿಟ್ಟು ಕೇಳಿದಳು. ಕೇಳಿ, "ನಮ್ ತಾತಂಗೂ ಎಲ್ಲಾ ಬುಡ್ಸಿ ಬುಡ್ಸಿ ಏಳಿದ್ರಂತೆ ಮೇಡಂ," ಎಂದಳು.

ಆದರೆ ಹಣ ಅವರಿಗೆ ಬೇಕಿತ್ತು, ಬಹಳ ಬೇಕಿತ್ತು. ಆ ಕಾರ್ಖಾನೆ ಬಿಟ್ಟ ಮೇಲೆ ಸುತ್ತಲಿನ ಬೇರೆ ನಾರಿನ ಕಾರ್ಖಾನೆಯವರು ಯಾರೂ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಮಾಲೀಕ ಅವರಿಗೆಲ್ಲ ಬೇಕಾದವನು. ತೋಟದ ಕೂಲಿಗೆ ಕರೆಯುವವರೂ ಕಡಿಮೆಯಾದರು. ಅತ್ತೆ ಇದ್ದ ಹಸುವನ್ನು ಮಾರಿದಳು. ಕೇಸಿನ ದಿನ ಬೆಳಿಗ್ಗೆ ಊರಿನಿಂದ ಚನ್ನರಾಯಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಇನ್ನೊಂದು. ಬಂದರೆ ಆವತ್ತು ಸಾಕ್ಷಿ ವಿಚಾರಣೆ ಮುಂದಕ್ಕೆ ಹೋಗಿರುತ್ತಿತ್ತು. ಅತ್ತೆ ಬುತ್ತಿ ಬಿಚ್ಚಿ ಸೊಸೆಗೂ ನನಗೂ ರೊಟ್ಟಿ ಚಟ್ನಿ ಕೊಟ್ಟು, ತಾನು ಹಸಿವಿಲ್ಲ ಎನ್ನುತ್ತಿದ್ದಳು. ನನಗೆ ಗೊತ್ತಿತ್ತು, ಮುದುಕಿಗೆ ಹಸಿವಿಲ್ಲದ್ದಲ್ಲ, ಬುತ್ತಿಯಲ್ಲಿ ಮೂವರಿಗೆ ರೊಟ್ಟಿ ಇರಲಿಲ್ಲ. ಮುಂದಿನ ಸಲದಿಂದ ನಾನು ಮನೆಯಿಂದಲೇ ಚಿತ್ರಾನ್ನ ಕಟ್ಟಿಕೊಂಡು ಹೋಗತೊಡಗಿದೆ. ಅವಳು ಅದನ್ನು ತಿಂದು, ಉಪ್ಪು ಜಾಸ್ತಿ ಕಣ್ ಲಾಯ್ರಮ್ಮ ಎಂದು ಪ್ರತಿ ಸಲವೂ ಹೇಳಿದಳು.

ನಮ್ಮ ವೃತ್ತಿಯಲ್ಲಿ ಸಾಕ್ಷಿ ತಿರುಗಿ ಬೀಳುವುದು ಎಂಬ ಮಾತಿದೆ. ಕೊಟ್ಟ ಹೇಳಿಕೆಯನ್ನು ಕೋರ್ಟಿನಲ್ಲಿ ತಾನು ಕೊಟ್ಟೇ ಇಲ್ಲ ಎಂದುಬಿಡುವುದು. ಹಾಗೆ ತಿರುಗುವವರೆಲ್ಲ ಸುಳ್ಳರಲ್ಲ. ಎಷ್ಟೋ ಜನ ಹೊಟ್ಟೆಗಿಲ್ಲದೆ ತಿರುಗುತ್ತಾರೆ. ಅದು ಎದುರು ಪಕ್ಷದವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದರಿಂದಲೇ ಊರಿನ ನಾಲ್ಕು ಜನ ದೊಡ್ಡವರು ಒಂದು ದಿನ ಇವರ ಜಗಲಿಗೆ ಬಂದು ಕೂತರು. ಕೇಸು ವಾಪಸ್ ತೆಗೆದುಕೊಂಡರೆ ಮಾಲೀಕನಿಂದ ಒಳ್ಳೆಯ ಪರಿಹಾರ ಕೊಡಿಸುತ್ತೇವೆ ಎಂದರಂತೆ. ಅವರ ಬಾಯಲ್ಲೂ ಅದೇ ಪದ!

"ಕೋರ್ಟ್ನಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಕಣವ್ವ," ಎಂದು ಅವರಲ್ಲಿ ಹಿರಿಯನೊಬ್ಬ ಬುದ್ಧಿ ಹೇಳಿದ.

"ಗೆದ್ದೇ ಸೋತ್ ನೋಡ್ತೀವಿ ಬುಡಪ್ಪ," ಎಂದಳಂತೆ ಅತ್ತೆ. "ನನ್ ಮಗ ಸತ್ತಾಗ ಇವ್ಳಿನ್ನೂ ಎಳೇ ಎಣ್ಣು. ನನ್ನ ಬುಟ್ಟು ಓಗ್ಬೋದಿತ್ತು, ಓಗ್ಲಿಲ್ಲ. ಈಗ್ ನಾನ್ ಇವ್ಳ ಬುಡ್ಲಾ? ಮಜ್ಗೆ ಕುಡ್ದು ಒಂಡಿ." ಮಜ್ಜಿಗೆ ಕೊಟ್ಟೇ ಕಳಿಸಿದಳು, ಅದು ಬೇರೆ. ಹಸು ಮಾರಿದ್ದಳಲ್ಲ, ಪಕ್ಕದ ಮನೆಯಿಂದ ಕೇಳಿ ತಂದ ಮಜ್ಜಿಗೆ. ಇದನ್ನೆಲ್ಲ ಸೊಸೆ ನನಗೆ ನಗುತ್ತ ಹೇಳಿದಳು. ಆದರೆ ಕೊನೆಗೆ ಅವಳ ದನಿ ಇಳಿಯಿತು. "ಅತ್ತೆ ಗಟ್ಟಿಗಿತ್ತಿ ಮೇಡಂ. ಆದ್ರೆ ಮಗೀಗೆ ಸ್ಕೂಲ್ ಬುಡ್ಸದೇ ಆದ್ರೆ ನಾನೂ ಎಲ್ಲಿ ಮೆತ್ತಗಾಗ್ಬುಡ್ತೀನೋ ಅಂತ ಭಯ ಆಯ್ತದೆ." ನನಗೂ ಅದೇ ಭಯ ಇತ್ತು. ಹಣ ಬಂದರೆ ಅವಳು ಕೋರ್ಟಿನ ಕಟಕಟೆಯವರೆಗೆ ನೇರ ನಡೆದು ಬರುತ್ತಾಳೆ, ಬಾರದಿದ್ದರೆ ಅವಳನ್ನು ಹಸಿವೇ ರಾಜಿಗೆ ಎಳೆದುಕೊಂಡು ಹೋಗುತ್ತದೆ. ಅವಳ ಮನಸ್ಸಿನಲ್ಲೋ, ಹಣ ಮುಟ್ಟಿದರೆ ಅದೇ ರಾಜಿ.

ಇದನ್ನು ಬಿಡಿಸಿದ್ದು ನಾನಲ್ಲ. ಬೂವನಹಳ್ಳಿಯಲ್ಲಿ ಅವಳ ದೊಡ್ಡಮ್ಮನ ಮನೆಯಿದೆ. ವಿಮಾನ ನಿಲ್ದಾಣಕ್ಕೆಂದು ಜಮೀನು ಹೋದ ಕುಟುಂಬ. ಅಲ್ಲಿ ಯಾರದೋ ತಿಥಿಗೆ ಹೋಗಿದ್ದಳು. ಎಡೆ ಹಾಕಿ ಉಂಡ ಮೇಲೆ ಗಂಡಸರು ಎಲೆಯಡಿಕೆ ಹಾಕಿಕೊಂಡು ಮಾತಾಡುವುದು ಆ ಕಡೆ ಬೇರೇನಿರುತ್ತದೆ, ಜಮೀನಿನ ಮಾತೇ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳಿಸಿಕೊಂಡಿದ್ದಾಳೆ. ಮರುದಿನ ಬೆಳಿಗ್ಗೆ ನಾನು ರೈಲಿಳಿದು ಕೋರ್ಟಿಗೆ ಬರುವಷ್ಟರಲ್ಲಿ ಅವಳು ಜಗಲಿಯ ಮೇಲೆ ಕಾಯುತ್ತಿದ್ದಳು. ಆವತ್ತು ಕೇಸೂ ಇರಲಿಲ್ಲ. ಬಂದವಳೇ ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ತಕರಾರಿಟ್ಕಂಡು ಪರಿಹಾರ ತಗಬೋದಂತಲ್ಲ ಮೇಡಂ? ನೀವ್ಯಾಕ್ ಇದ್ನ ಏಳ್ಲಿಲ್ಲ?"

ಜಮೀನಿನ ವ್ಯವಹಾರದಲ್ಲಿ ಅದು ಹಳೆಯ ಪದ್ಧತಿ. ಸರ್ಕಾರ ಕೊಟ್ಟ ಪರಿಹಾರ ಸಾಲದು ಎನ್ನುವವನು ಹಣ ಬಿಟ್ಟು ಉಪವಾಸ ಕೂರಬೇಕಾಗಿಲ್ಲ. ಸಹಿಯ ಜೊತೆಗೆ ತಕರಾರು ಇಟ್ಟುಕೊಂಡು ಪಡೆದಿದ್ದೇನೆ ಎಂದು ಬರೆದು ಹಣ ತೆಗೆದುಕೊಳ್ಳಬಹುದು, ಆಮೇಲೆ ಕೋರ್ಟಿಗೂ ಹೋಗಬಹುದು. ಹಾಗೆ ಬರೆಯದೆ ಸಹಿ ಹಾಕಿದವನಿಗೆ ಕೇಳುವ ದಾರಿ ಮುಚ್ಚಿತು. ಅವಳ ತಾತನಿಗೆ ಇದನ್ನು ಯಾರೂ ಹೇಳಿರಲಿಲ್ಲವೇನೋ. ಬೂವನಹಳ್ಳಿಯವರಿಗೆ ಇದು ಬಾಯಿಪಾಠ.

ಅದು ಭೂಸ್ವಾಧೀನದ ಕಾನೂನು, ನಿನ್ನ ಕೇಸಿಗೆ ಅದು ಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಗೆಲುವಿತ್ತು. ಬೇಕಾಗಿಲ್ಲ ನಿಜ, ಆದರೆ ಬರೆಯಬಾರದು ಎಂದೂ ಎಲ್ಲೂ ಇಲ್ಲವಲ್ಲ! ಬಾ, ಈಗಲೇ ಅರ್ಜಿ ಹಾಕೋಣ ಎಂದೆ.

ಅರ್ಜಿ ಮಂಜೂರಾಗಿ, ಮಧ್ಯಂತರ ಪರಿಹಾರದ ಕಾಗದಕ್ಕೆ ಸಹಿ ಹಾಕುವ ದಿನ ಬಂತು. ಪ್ರಾಧಿಕಾರದ ಕಚೇರಿಯ ಗುಮಾಸ್ತರು ಒಳ್ಳೆಯ ಮನುಷ್ಯರು. ಅತ್ತೆಗೆ ಕುರ್ಚಿ ಹಾಕಿಸಿದರು, ಬ್ಯಾಂಕಿನ ಪಾಸ್‌ಬುಕ್ ತಾವೇ ತೆರೆದು ನೋಡಿಕೊಂಡರು. ಸೊಸೆ ಪೆನ್ನು ಹಿಡಿದು, "ಸಾ, ತಕರಾರಿಟ್ಕಂಡು ತಗತೀನಿ ಅಂತ ಬರೀಬೇಕು," ಎಂದಾಗ ಅವರಿಗೆ ತಲೆಬುಡ ತಿಳಿಯಲಿಲ್ಲ.

"ಇದಕ್ಕೆ ತಕರಾರು ಎಲ್ಲ ಇರಲ್ಲಮ್ಮ. ಸಹಿ ಹಾಕಿದರೆ ಸಾಕು."

"ಇಲ್ದಿದ್ರೆ ಕೆಳ್ಗೆ ಇಷ್ಟಗಲ ಜಾಗ ಯಾಕ್ ಬುಟ್ಟಿದೀರಿ ಸಾ?"

ಅವರು ಕಾಗದ ನೋಡಿದರು. ಕೆಳಗೆ ನಿಜಕ್ಕೂ ಜಾಗ ಇತ್ತು. ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ಹೋಗುತ್ತಿದ್ದ ಬಸ್ಸು ನೋಡಿದೆ. "ನಿಮ್ಮ ತಕರಾರು ನಮ್ಮ ಮೇಲೇನಮ್ಮ?" ಎಂದರು ಅವರು, ಸ್ವಲ್ಪ ನೊಂದುಕೊಂಡು.

"ಅಯ್ಯೋ, ನಿಮ್ಮೇಲಲ್ಲ ಸಾ. ನೀವ್ ದೇವ್ರಂತೋರು. ತಕರಾರು ಅವ್ನ್ ಮೇಲೆ."

"ಹಾಗಾದರೆ ಬರೀರಿ," ಎಂದು ಅವರು ತಮ್ಮ ಪೆನ್ನನ್ನೇ ಕೊಟ್ಟರು. ಅವಳ ಪೆನ್ನಿನಲ್ಲಿ ಶಾಯಿ ಸರಿಯಾಗಿ ಇಳಿಯುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ತಕರಾರಿನ ಒಂದು ದೀರ್ಘ ಬಿಟ್ಟುಹೋಗಿತ್ತು, ನಾನು ತೋರಿಸಿದೆ, ಸೇರಿಸಿದಳು. ಅತ್ತೆಗೆ ಓದಲು ಬಾರದು, ಆದರೂ ಕಾಗದವನ್ನು ಈಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಸರಿಯಾಗೈತೆ ಎಂದು ತೀರ್ಪು ಕೊಟ್ಟಳು. ಕಾನೂನಿನ ಕಣ್ಣಿನಲ್ಲಿ ಆ ಸಾಲಿಗೆ ಯಾವ ತೂಕವೂ ಇಲ್ಲ. ನನಗೆ ಮಾತ್ರ ನಾನು ಓದಿದ ಎಷ್ಟೋ ದೊಡ್ಡ ದೊಡ್ಡ ಆದೇಶಗಳಿಗಿಂತ ಅದರ ಮೇಲೆ ಗೌರವ.

ಹಣ ಬಂದ ಮೇಲೆ ಅವಳು ಮಾಡಿದ ಕೆಲಸ ಹೇಳಬೇಕು. ಹಗ್ಗ ಹೊಸೆಯುವ ಒಂದು ಯಂತ್ರ ತಂದು ಮನೆಯ ಹಿಂದಿನ ಚಪ್ಪರದಲ್ಲಿ ಹಾಕಿಕೊಂಡಳು. ನಾನು, ಮತ್ತೆ ಅದೇ ನಾರಿನ ಕೆಲಸ ಯಾಕೆ, ಆ ವಾಸನೆ ಬಂದರೆ ಎಲ್ಲ ನೆನಪಾಗುವುದಿಲ್ಲವೇ ಎಂದು ಕೇಳಿದೆ. "ಆಯ್ತದೆ," ಎಂದಳು. "ಆದ್ರೂ ನಂಗ್ ಬರೋ ಕೆಲ್ಸ ಅದು ಮೇಡಂ. ಅದ್ನೂ ಅವ್ನಿಗ್ ಯಾಕ್ ಬುಟ್ಕೊಡ್ಲಿ?" ನಾರನ್ನು ದೂರದ ಊರಿನಿಂದ ತರಿಸಿದಳು, ಹಗ್ಗವನ್ನು ಚನ್ನರಾಯಪಟ್ಟಣದ ಅಂಗಡಿಗಳಿಗೆ ಹಾಕಿದಳು. ಮಗಳ ಶಾಲೆ ತಪ್ಪಲಿಲ್ಲ. ಅತ್ತೆ ಮತ್ತೊಂದು ಹಸು ತಂದಳು. ನನಗೆ ಒಂದು ಬಾವಿ ಹಗ್ಗ ಉಡುಗೊರೆಯಾಗಿ ಬಂತು. ನಮ್ಮ ಮನೆಯಲ್ಲಿ ಬಾವಿಯಿಲ್ಲ. ಅದರ ಮೇಲೆ ಬಟ್ಟೆ ಒಣಗಿಸುತ್ತೇನೆ.

ಆಮೇಲೆ ಅವಳ ಸಾಕ್ಷಿಯ ದಿನ. ಇಂಥ ಪ್ರಕರಣಗಳ ವಿಚಾರಣೆ ಬಾಗಿಲು ಮುಚ್ಚಿಕೊಂಡು ನಡೆಯುತ್ತದೆ. ನಾನು ಒಳಗಿದ್ದೆ, ಸರ್ಕಾರಿ ವಕೀಲರ ಹಿಂದಿನ ಕುರ್ಚಿಯಲ್ಲಿ. ಅತ್ತೆ ಹೊರಗೆ ಕಲ್ಲು ಬೆಂಚಿನಲ್ಲಿ. ಒಳಗೆ ನಡೆದದ್ದನ್ನು ಬರೆಯುವಂತಿಲ್ಲ, ಬರೆಯುವುದಿಲ್ಲ. ಎದುರು ವಕೀಲರು ತಮ್ಮ ಕೆಲಸ ತಾವು ಮಾಡಿದರು, ಬಹಳ ಹೊತ್ತು ಮಾಡಿದರು, ನನ್ನ ಕೋಪ ನೆತ್ತಿಗೇರುವಷ್ಟು ಮಾಡಿದರು ಎಂದಷ್ಟೇ ಹೇಳಬಹುದು. ಅವಳು ಒಂದು ಸಲ ನೀರು ಕೇಳಿದಳು. ಅಳಲಿಲ್ಲ. ಅತ್ತಿದ್ದರೂ ನನ್ನ ಗೌರವವೇನೂ ಕಡಿಮೆಯಾಗುತ್ತಿರಲಿಲ್ಲ.

ಮುಂದೆ ತೀರ್ಪು ಬಂತು, ಅವನಿಗೆ ಶಿಕ್ಷೆಯಾಯಿತು, ಅವನು ಮೇಲ್ಮನವಿ ಹಾಕಿಕೊಂಡಿದ್ದಾನೆ. ತೀರ್ಪು ಓದಿದ ದಿನ ಸಂತೋಷವಾಯಿತು, ಅತ್ತೆ ನನ್ನ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟಳು, ಎಲ್ಲ ಸರಿ. ಆದರೆ ನನಗೆ ಮೊದಲು ನೆನಪಾಗುವುದು ಆ ದಿನವಲ್ಲ, ಸಾಕ್ಷಿ ಹೇಳಿ ಹೊರಗೆ ಬಂದ ಮಧ್ಯಾಹ್ನ.

ಬಾಗಿಲು ತೆರೆಯಿತು. ಅತ್ತೆ ಬೆಂಚಿನಿಂದ ಎದ್ದಳು, ಕಾಲು ಜೋಮು ಹಿಡಿದಿತ್ತೇನೋ, ಗೋಡೆ ಹಿಡಿದುಕೊಂಡಳು. ಸೊಸೆ ಹೋಗಿ ಅವಳ ಪಕ್ಕ ಕೂತಳು. ಅತ್ತೆ ಬುತ್ತಿ ಬಿಚ್ಚಿದಳು. ಈಗ ಬುತ್ತಿಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ರೊಟ್ಟಿಯಿತ್ತು. ನನಗೆ ಎರಡು ಕೊಟ್ಟಳು. ಸೊಸೆಯ ಕೈಗೆ ರೊಟ್ಟಿ ಇಡುತ್ತ ಕೇಳಿದಳು, "ಏನ್ ಕೇಳುದ್ರು ಮಗ ಆ ಲಾಯ್ರಿ?"

"ಏನೇನೋ ಕೇಳುದ್ರು ಅತ್ತೆ. ಕಡೆಗೆ, ಪರಿಹಾರ ತಗಂಡಿದೀಯಲ್ಲಮ್ಮ ಅಂದ್ರು."

ಅತ್ತೆಯ ಕೈ ನಿಂತಿತು. ಹಿನ್ನೀರಿನ ದಡದಲ್ಲಿ ಮೀನು ಹಿಡಿಯುವವನು ಕೂಗಿದ ಮಾತು ಅವಳಿಗೂ ಗೊತ್ತಿತ್ತು. "ನೀನೇನಂದೆ?"

ಸೊಸೆ ರೊಟ್ಟಿ ಮುರಿದು ಚಟ್ನಿಗೆ ಅದ್ದಿದಳು.

"ತಗಂಡಿವ್ನಿ ಸಾ, ಬುಟ್ಕೊಟ್ಟಿಲ್ಲ ಅಂದೆ."